ಇನ್ನೆಷ್ಟು ನಿದ್ದೆ ಆದಮೇಲೆ?

ಈ ರಜೆಯಲ್ಲಿ ನನ್ನ ಅಣ್ಣ, ಅತ್ತಿಗೆ, ಅವರ ಇಬ್ಬರು ಮಕ್ಕಳು ನಮ್ಮ ಮನೆಗೆ ಬಂದು ಉಳಿಯುತ್ತಾರೆ ಎಂದು ಫೋನಿನಲ್ಲಿ ಮಾತಾದ ಗಳಿಗೆಯಿಂದ ನನ್ನ ಮಗಳು ಕಾಯಲು ಶುರು ಮಾಡಿದಳು. ಅವಳಿಗೆ ಮೂರು ವರ್ಷ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ "ಮಾಮ ಬಂದ್ರಾ?" ಹಲ್ಲುಜ್ಜುವಾಗ "ಮಾಮ ಇವತ್ತು ಬರ್ತಾರಾ?" ಬಾಗಿಲು ತಟ್ಟಿದವರು ಯಾರೇ ಆಗಿರಲಿ, ಮೊದಲು ಓಡುವವಳು ಅವಳೇ. ಆಮೇಲೆ ಮುಖ ಸಪ್ಪೆ ಮಾಡಿಕೊಂಡು ವಾಪಸ್ ಬರುವವಳೂ ಅವಳೇ.

"ಇನ್ನೂ ತುಂಬ ದಿನ ಇದೆ ಪುಟ್ಟಿ" ಅಂದರೆ ಅವಳಿಗೆ ಏನೂ ಹೇಳಿದ ಹಾಗಾಗುವುದಿಲ್ಲ. ಈ ವಯಸ್ಸಿನ ಮಕ್ಕಳಿಗೆ ನಿನ್ನೆ, ನಾಳೆ ಅನ್ನುವ ಮಾತು ಬಾಯಿಗೆ ಬಂದಿರುತ್ತದೆ. ಆದರೆ ಅದು ಎಷ್ಟು ದೂರ ಅನ್ನುವುದು ಇನ್ನೂ ತಲೆಯಲ್ಲಿ ಕೂತಿರುವುದಿಲ್ಲ. ನನ್ನ ಮಗಳಿಗೆ ಕಳೆದುಹೋದದ್ದೆಲ್ಲ ನಿನ್ನೆಯೇ. ಎಷ್ಟೋ ತಿಂಗಳ ಹಿಂದೆ ಬಿದ್ದು ಮೊಣಕಾಲು ತರಚಿದ್ದೂ ನಿನ್ನೆ, ಇವತ್ತು ಬೆಳಿಗ್ಗೆ ಹಾಲು ಕುಡಿದದ್ದೂ ನಿನ್ನೆ. ವಾರ, ತಿಂಗಳು, ಗಡಿಯಾರ ಎಲ್ಲ ಶಾಲೆಗೆ ಹೋಗಲು ಶುರುವಾದ ಮೇಲೆ ನಿಧಾನಕ್ಕೆ ಬರುವ ವಿದ್ಯೆ. ಅಲ್ಲಿಯವರೆಗೆ ಕಾಯುವುದು ಎಂದರೆ ಕೊನೆ ಕಾಣದ ಕೆಲಸ. ಇದನ್ನು ದೊಡ್ಡವರು ಮರೆತುಬಿಡುತ್ತೇವೆ. ಹತ್ತು ಸಲ ಕೇಳಿದರೆ ಹಠ ಅನ್ನುತ್ತೇವೆ. ನಿಜಕ್ಕೂ ಅದು ಹಠ ಅಲ್ಲ. ಆ ಮಗುವಿಗೆ ಹಿಡಿದುಕೊಳ್ಳಲು ಏನೂ ಸಿಕ್ಕಿರುವುದಿಲ್ಲ, ಅಷ್ಟೇ.

ಇದಕ್ಕೊಂದು ದಾರಿ ತೋರಿಸಿದವನು ನನ್ನ ಮಗ. ಅವನಿಗೆ ಆರು ವರ್ಷ. ಬಣ್ಣದ ಕಾಗದವನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಒಂದರೊಳಗೊಂದು ಕೊಂಡಿ ಹಾಕಿ ಅಂಟಿಸಿ, ಸರಪಳಿ ಮಾಡುವುದನ್ನು ಶಾಲೆಯಲ್ಲಿ ಕಲಿತಿದ್ದ. ದಿನಕ್ಕೊಂದು ಕೊಂಡಿ. ರಾತ್ರಿ ಮಲಗುವ ಮೊದಲು ಒಂದನ್ನು ಹರಿಯಬೇಕು. ಸರಪಳಿ ಮುಗಿದ ಮಾರನೇ ದಿನ ಮಾಮ ಹಾಜರ್. ಅಣ್ಣ ತಂಗಿ ಇಬ್ಬರೂ ಕೂತು ಮಾಡಿದರು. ಅವನು ಕತ್ತರಿಸಿದ, ಅವಳು ಅಂಟು ಸವರಿದಳು. ಕಾಗದಕ್ಕಿಂತ ಜಾಸ್ತಿ ಅಂಟು ಅವಳ ಮೊಣಕೈಗೇ ಮೆತ್ತಿಕೊಂಡಿತ್ತು. ಅದನ್ನು ಕಿಟಕಿಯ ಸರಳಿಗೆ ನೇತುಹಾಕಿದೆವು.

ಮರುದಿನ ಅಡುಗೆಮನೆಯಲ್ಲಿದ್ದಾಗ ಮಗ ಕಿರುಚಿದ್ದು ಕೇಳಿಸಿತು. ಪುಟ್ಟಿ ಕುರ್ಚಿ ಎಳೆದು, ಹತ್ತಿ, ಹಾಡುಹಗಲೇ ಎರಡು ಕೊಂಡಿ ಹರಿದುಬಿಟ್ಟಿದ್ದಳು. ಹರಿದ ಚೂರುಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, "ಇನ್ನು ಮಾಮ ಬೇಗ ಬರ್ತಾರೆ" ಅಂತ ಖುಷಿಯಾಗಿ ನಿಂತಿದ್ದಳು. ಸರಪಳಿ ಗಿಡ್ಡವಾದಷ್ಟೂ ಮಾಮ ಹತ್ತಿರವಾಗುತ್ತಾರೆ ಅಂತ ಹೇಳಿಕೊಟ್ಟವರು ನಾವೇ ಅಲ್ವಾ? ಯಾವುದರಿಂದ ಯಾವುದು ಆಗುತ್ತದೆ ಅನ್ನುವುದನ್ನು ಅವಳು ತಿರುವಿಹಾಕಿದ್ದಳು. ಬೈಯಲು ನನಗೆ ಮನಸ್ಸೇ ಬರಲಿಲ್ಲ. ಮಗನ ಸಿಟ್ಟಿಗೂ ಕಾರಣವಿತ್ತು, ಪಾಪ, ಅವನ ಎಣಿಕೆ ಕೆಟ್ಟಿತ್ತು. ಟೇಪು ಹಚ್ಚಿ ಎರಡನ್ನೂ ಮತ್ತೆ ಸೇರಿಸಿದೆವು.

ಆಮೇಲೆ ನಾನು ದಿನ ಅನ್ನುವ ಬದಲು ನಿದ್ದೆ ಅನ್ನತೊಡಗಿದೆ. "ಇನ್ನು ಮೂರು ನಿದ್ದೆ ಆದಮೇಲೆ ಮಾಮ." ಇದು ಅವಳಿಗೆ ಥಟ್ಟನೆ ಹತ್ತಿತು. ನಿದ್ದೆ ಅವಳು ಸ್ವತಃ ಮಾಡುವ ಕೆಲಸ, ಗೊತ್ತಿರುವ ವಿಷಯ. ಸ್ವಲ್ಪ ಹೊತ್ತು ಯೋಚಿಸಿ ಕೇಳಿದಳು, "ಮಧ್ಯಾಹ್ನದ ನಿದ್ದೆ?"

ನನಗೆ ಏನು ಹೇಳಬೇಕೆಂದು ತೋಚಲಿಲ್ಲ. ಮಗ ಆಟದ ಕಾರು ತಳ್ಳುತ್ತಲೇ ತೀರ್ಪು ಕೊಟ್ಟ. "ಅದು ಅರ್ಧ ನಿದ್ದೆ."

ಅರ್ಧ ಆದರೂ ಸರಿ, ಲೆಕ್ಕಕ್ಕೆ ಬಂತಲ್ಲ! ಅವತ್ತಿನಿಂದ ಊಟವಾದ ತಕ್ಷಣ ತಾನೇ ದಿಂಬು ಎಳೆದುಕೊಂಡು ಮಲಗತೊಡಗಿದಳು. ನಾನು ಪಕ್ಕದಲ್ಲಿ ಕೂತರೆ ಒಂದು ಕಣ್ಣು ತೆರೆದು "ನಾನು ಮಾಮನ ನಿದ್ದೆ ಮಾಡ್ತಾ ಇದೀನಿ" ಅನ್ನುತ್ತಿದ್ದಳು.

ರಜೆಯಲ್ಲಿ ಮಕ್ಕಳ ನಿದ್ದೆಯ ಬಗ್ಗೆ ನನಗೆ ಸ್ವಲ್ಪ ಜಾಸ್ತಿಯೇ ಕಾಳಜಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಒಂದು ಮಾರ್ಗಸೂಚಿ ತಂದಿತು. ಅದರ ಪ್ರಕಾರ 3ರಿಂದ 4 ವರ್ಷದವರಿಗೆ ದಿನಕ್ಕೆ 10ರಿಂದ 13 ಗಂಟೆ ನಿದ್ದೆ ಬೇಕು, 1ರಿಂದ 2 ವರ್ಷದವರಿಗೆ 11ರಿಂದ 14 ಗಂಟೆ. ಹಗಲು ನಿದ್ದೆಯೂ ಇದರಲ್ಲಿ ಸೇರಿದೆ. ಮಲಗುವ, ಏಳುವ ಹೊತ್ತು ದಿನಾ ಹೆಚ್ಚುಕಡಿಮೆ ಒಂದೇ ಇರಬೇಕು ಎಂದೂ ಅಲ್ಲಿ ಹೇಳಿದೆ. ರಜೆಯಲ್ಲಿ ಮೊದಲು ತಪ್ಪುವುದೇ ಇದು. ನೆಂಟರು, ಓಡಾಟ, ರಾತ್ರಿ ಹರಟೆ. ಒಂದು ದಿನ ತಾನೇ ಅನ್ನಿಸುತ್ತದೆ, ಆದರೆ ರಜೆಯ ಪ್ರತಿ ದಿನವೂ ಹಾಗೇ ಅನ್ನಿಸುತ್ತದೆ. ದಣಿದ ಚಿಕ್ಕ ಮಗು ದೊಡ್ಡವರ ಹಾಗೆ ಮೂಲೆ ಹಿಡಿದು ಕೂರುವುದೂ ಇಲ್ಲ. ಇನ್ನೂ ಜೋರಾಗಿ ಕುಣಿಯುತ್ತದೆ, ಓಡುತ್ತದೆ, ಕಾರಣವಿಲ್ಲದೆ ನಗುತ್ತದೆ. ನೋಡಿದವರು "ಇದಕ್ಕೆಲ್ಲಿ ನಿದ್ದೆ, ಎಷ್ಟು ಚುರುಕಾಗಿದೆ" ಅನ್ನುತ್ತಾರೆ. ಅರ್ಧ ಗಂಟೆಯಲ್ಲಿ ಅದೇ ಮಗು ಚಪ್ಪಲಿಯ ಎಡ ಬಲ ಅದಲುಬದಲಾಯಿತು ಅಂತ ನೆಲಕ್ಕೆ ಬಿದ್ದು ಅಳುತ್ತಿರುತ್ತದೆ.

ಅಂತೂ ಆ ದಿನ ಬಂತು. ಅಣ್ಣನವರು ಮಧ್ಯಾಹ್ನಕ್ಕೆ ಮೊದಲೇ ಬಂದರು. ಬಾಗಿಲು ತೆರೆದದ್ದೇ ತಡ, ಇಷ್ಟು ದಿನ ಮಾಮ ಮಾಮ ಅಂತ ಜಪ ಮಾಡಿದವಳು ಅಜ್ಜಿಯ ಬೆನ್ನ ಹಿಂದೆ ಹೋಗಿ ಅಡಗಿಕೊಂಡಳು. ನಮ್ಮಮ್ಮ ಎಷ್ಟು ಮುಂದೆ ತಳ್ಳಿದರೂ ಬರಲಿಲ್ಲ. ಇಂಥ ಹೊತ್ತಿನಲ್ಲಿ "ಬಾ, ಮಾಮನಿಗೆ ಮುತ್ತು ಕೊಡು, ಇಷ್ಟು ದಿನ ಕೇಳ್ತಿದ್ದೆ ತಾನೆ" ಅಂತ ಮಗುವನ್ನು ಎತ್ತಿ ಕೊಡುವುದು ನನಗೆ ಸರಿ ಕಾಣುವುದಿಲ್ಲ. ಫೋನಿನಲ್ಲಿ ಅಂಗೈಯಷ್ಟಿದ್ದ ಮಾಮ ಈಗ ಬಾಗಿಲು ತುಂಬ ನಿಂತಿದ್ದಾರೆ, ದೊಡ್ಡ ದನಿಯಲ್ಲಿ ನಗುತ್ತಿದ್ದಾರೆ. ಮಗುವಿಗೆ ಸ್ವಲ್ಪ ಹೊತ್ತು ಬೇಡವೇ?

ಅಣ್ಣನಿಗೆ ಇದು ಅರ್ಥವಾಗುತ್ತದೆ. ಅವನು ಅವಳ ಕಡೆ ನೋಡಲೇ ಇಲ್ಲ. ನೆಲದ ಮೇಲೆ ಕೂತು ಬೂಟು ಬಿಚ್ಚಿದ, ಚೀಲವನ್ನು ಪಕ್ಕಕ್ಕಿಟ್ಟು ಅಮ್ಮನ ಹತ್ತಿರ ಮಾತಾಡತೊಡಗಿದ. ಸ್ವಲ್ಪ ಹೊತ್ತಿಗೆ ಚೀಲದ ಹತ್ತಿರ ಒಂದು ಪುಟ್ಟ ಕೈ ಬಂತು. ಜಿಪ್ ಎಳೆಯಿತು. ಮುಚ್ಚಿತು. ಮತ್ತೆ ಎಳೆಯಿತು. ಅಣ್ಣ ಮಾತು ನಿಲ್ಲಿಸದೆ ಚೀಲವನ್ನು ಒಂದು ಗೇಣು ತನ್ನ ಕಡೆ ಸರಿಸಿದ. ಕೈಯೂ ಸರಿಯಿತು. ಇನ್ನೊಂದು ಗೇಣು. ಹೀಗೆ ಜಿಪ್ ಎಳೆಯುತ್ತಾ ಎಳೆಯುತ್ತಾ ಅವಳು ಅವನ ತೊಡೆಯ ಮೇಲೆ ಬಂದು ಕೂತಾಗಿತ್ತು. ತಾನು ಅಲ್ಲಿಗೆ ಹೇಗೆ ಬಂದೆ ಅನ್ನುವುದು ಅವಳ ಗಮನಕ್ಕೂ ಬಂದಿರಲಿಲ್ಲ.

ಚೀಲದಲ್ಲಿ ದೀಪ ಮಿನುಗಿ ಹಾಡುವ ಒಂದು ಆಟದ ಸಾಮಾನಿತ್ತು. ಅದನ್ನು ಮಕ್ಕಳ ಕೈಗೆ ಕೊಡುವ ಮೊದಲು ನಮ್ಮ ಯಜಮಾನರು ಸ್ಕ್ರೂಡ್ರೈವರ್ ತಂದು ಬ್ಯಾಟರಿಯ ಮುಚ್ಚಳ ಭದ್ರವಾಗಿದೆಯೇ ಅಂತ ನೋಡಿದರು. ಅಣ್ಣನ ಮಗನಿಗೆ ಒಂದೂವರೆ ವರ್ಷ, ಸಿಕ್ಕಿದ್ದೆಲ್ಲ ಬಾಯಿಗೆ. ಬಟನ್ ಸೆಲ್, ಅಂದರೆ ಅಂಗಿಯ ಗುಂಡಿಯಂಥ ಪುಟ್ಟ ಬ್ಯಾಟರಿ, ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ತೀವ್ರವಾಗಿ ಸುಡಬಹುದು. ಉಡುಗೊರೆಗಳು ಜಾಸ್ತಿ ಬರುವ ಈ ದಿನಗಳಲ್ಲಿ ಮನೆಯವರೆಲ್ಲ ಇದನ್ನು ತಿಳಿದಿರಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ. ಸೆಲ್ ಇರುವ ಜಾಗವನ್ನು ಬರಿ ಬೆರಳಿನಿಂದ ತೆಗೆಯಲು ಬರಬಾರದು.

ಅಣ್ಣನ ಮಗಳಿಗೆ ನಾಲ್ಕು ವರ್ಷ. ಇವಳಿಗೂ ಅವಳಿಗೂ ಭಾರಿ ದೋಸ್ತಿ ಆಗುತ್ತದೆ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಇಬ್ಬರೂ ಒಂದೇ ಚಾಪೆಯ ಮೇಲೆ, ಬೆನ್ನಿಗೆ ಬೆನ್ನು ಮಾಡಿ ಕೂತು, ತಮ್ಮ ತಮ್ಮ ಪಾಡಿಗೆ ಆಡುತ್ತಿದ್ದರು. ಒಂದು ಮಾತಿಲ್ಲ. ಅತ್ತಿಗೆ ಬೇಜಾರು ಮಾಡಿಕೊಂಡು, "ನೋಡಿ, ಇವಳು ಯಾರ ಜೊತೆಗೂ ಬೆರೆಯೋದೇ ಇಲ್ಲ" ಅಂದರು. ಬೆರೆಯುತ್ತಿಲ್ಲ ಅಂತಲ್ಲ ಅತ್ತಿಗೆ, ಅವರು ಬೆರೆಯುವ ರೀತಿಯೇ ಅದು ಅಂದೆ. ಅಮೆರಿಕದ ಮಿಲ್ಡ್ರೆಡ್ ಪಾರ್ಟನ್ ಎಂಬವರು ಪುಟ್ಟ ಮಕ್ಕಳು ಆಡುವುದನ್ನು ಕೂತು ಗಮನಿಸಿ 1932ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಪಕ್ಕಪಕ್ಕದಲ್ಲಿ, ಒಂದೇ ಥರದ ಸಾಮಾನು ಇಟ್ಟುಕೊಂಡು, ಬೇರೆ ಬೇರೆಯಾಗಿ ಆಡುವುದೂ ಜೊತೆಗೂಡುವುದರ ಒಂದು ಹಂತ.

ನಾನು ಹೇಳಿದ್ದು ಅತ್ತಿಗೆಗೆ ಒಪ್ಪಿಗೆಯಾಯಿತೋ ಇಲ್ಲವೋ. ಆದರೆ ಸ್ವಲ್ಪ ಹೊತ್ತಿನಲ್ಲಿ ಅವರೇ ನನ್ನ ಕೈ ಹಿಡಿದು ತೋರಿಸಿದರು. ನನ್ನ ಮಗಳು ಬಟ್ಟೆಯ ಕ್ಲಿಪ್ಪುಗಳ ಬುಟ್ಟಿ ತಂದು ಚಾಪೆಯ ಅಂಚಿಗೆ ಸಾಲಾಗಿ ಸಿಕ್ಕಿಸುತ್ತಿದ್ದಳು. ಆ ಕಡೆ ಅವಳೂ ಬುಟ್ಟಿಗೆ ಕೈ ಹಾಕಿ ತನ್ನ ಬದಿಯ ಅಂಚಿಗೆ ಸಿಕ್ಕಿಸತೊಡಗಿದ್ದಳು. ಒಬ್ಬರನ್ನೊಬ್ಬರು ನೋಡುತ್ತಿರಲಿಲ್ಲ. ಎರಡು ಸಾಲೂ ಮೂಲೆಯಲ್ಲಿ ಬಂದು ಕೂಡಿದವು. ಆಗ ಇಬ್ಬರೂ ತಲೆ ಎತ್ತಿದರು. ನಾಲ್ಕು ವರ್ಷದವಳು "ಇದು ರೈಲು" ಅಂದಳು. ಮೂರು ವರ್ಷದವಳು "ಹೂಂ" ಅಂದಳು. ಅಲ್ಲಿಗೆ ಸ್ನೇಹವಾಯಿತು. ಬುಟ್ಟಿಯಲ್ಲಿ ಉಳಿದಿದ್ದ ಕೊನೆಯ ಕ್ಲಿಪ್ಪಿಗೆ ಜಗಳವೂ ಆಯಿತು.

ಊಟವಾದ ಮೇಲೆ ಅಣ್ಣ "ಈಗಲೇ ಎಲ್ಲರೂ ಹೊರಗೆ ಹೋಗೋಣ, ಮಕ್ಕಳು ಹೇಗೂ ಎಚ್ಚರವಾಗೇ ಇದಾವೆ" ಅಂದ. "ಮಲಗಿ ಏಳಲಿ ಅಣ್ಣಾ, ಆಮೇಲೆ" ಅಂದೆ. ಕೋಣೆಯ ಪರದೆ ಎಳೆದು ನೆಲಕ್ಕೆ ಉದ್ದಕ್ಕೂ ಹಾಸಿದೆವು. ಒಂದೂವರೆ ವರ್ಷದವನು ಅತ್ತಿಗೆಯ ತೋಳಿನಲ್ಲೇ ನಿದ್ದೆ ಹೋಗಿದ್ದ. ನನ್ನ ಮಗ ಹಗಲು ನಿದ್ದೆ ಬಿಟ್ಟು ಬಹಳ ದಿನವಾಯಿತು, ಅವನ ಕೈಗೊಂದು ಪುಸ್ತಕ ಕೊಟ್ಟೆವು. ಪುಟ್ಟಿ ಮಾತ್ರ ಹಾಸಿಗೆಯ ಮೇಲೆ ಕಂಬದ ಹಾಗೆ ನಿಂತಿದ್ದಳು.

"ಮಾಮ ಬಂದಾಯ್ತಲ್ಲ. ಇನ್ನು ಯಾಕೆ ನಿದ್ದೆ?"

ನನಗೆ ಇದು ಹೊಳೆದೇ ಇರಲಿಲ್ಲ. ಅವಳಿಗೆ ನಿದ್ದೆ ಮಾಡಲು ಇದ್ದ ಒಂದೇ ಕಾರಣ ಚಪ್ಪಲಿ ಬಿಟ್ಟು ಒಳಗೆ ಬಂದಾಗಿತ್ತು. ಅಮ್ಮ ನನ್ನ ನೆರವಿಗೆ ಬಂದರು. "ಸಂಜೆ ಎಲ್ಲರೂ ಆಟದ ಬಯಲಿಗೆ ಹೋಗ್ತೀವಲ್ಲ. ಸಂಜೆ ಬರಬೇಕು ತಾನೆ? ಅದಕ್ಕೆ ಅರ್ಧ ನಿದ್ದೆ ಬೇಕು." ಪುಟ್ಟಿ ತನ್ನ ಅಣ್ಣನ ಮುಖ ನೋಡಿದಳು. ಅವನು ಪುಸ್ತಕದಿಂದ ತಲೆಯೆತ್ತಿ ಗಂಭೀರವಾಗಿ "ಹೌದು" ಅಂದ. ಅವಳು ಹೋಗಿ ಮಾಮನ ಮಗಳ ಕಡೆ ಮುಖ ಮಾಡಿ ಮಲಗಿದಳು. ಇಬ್ಬರೂ ಏನೋ ಪಿಸುಗುಟ್ಟಿದರು, ನಕ್ಕರು, ಅಮ್ಮ ಕಥೆ ಶುರು ಮಾಡಿದರು. ಕಥೆಯಲ್ಲಿ ನರಿ ಕಾಡಿಗೆ ಹೋಗುವ ಮೊದಲೇ ಇಬ್ಬರಿಗೂ ನಿದ್ದೆ ಬಂದಿತ್ತು.

ಆ ಒಂದೂಕಾಲು ಗಂಟೆ ನಮ್ಮದಾಯಿತು. ಮದುವೆಯಾಗಿ, ಮಕ್ಕಳಾಗಿ, ಅಣ್ಣನೂ ನಾನೂ ಅರ್ಧ ಮಾತಿಗೆ ಯಾರೂ ಅಡ್ಡ ಬರದೆ ಕೂತು ಮಾತಾಡಿದ್ದು ಯಾವಾಗ ಅಂತ ನೆನಪಿಗೆ ಬರಲಿಲ್ಲ. ಗೋಡೆಗೆ ಒರಗಿ, ಕಾಲು ಚಾಚಿ, ದನಿ ತಗ್ಗಿಸಿ ಕೂತೆವು. ಅಮ್ಮನ ಕಾಲುನೋವು, ಅವನ ಕೆಲಸ, ತೀರಿಹೋದ ಅಪ್ಪ. ಅಪ್ಪ ಇದ್ದಿದ್ದರೆ ಈ ನಾಲ್ಕನ್ನೂ ಹೇಗೆ ಆಡಿಸುತ್ತಿದ್ದರು ಅಂತ ಅವನು ಅಂದಾಗ ಇಬ್ಬರಿಗೂ ಸ್ವಲ್ಪ ಹೊತ್ತು ಮಾತು ಬರಲಿಲ್ಲ. ನನಗೆ ರಜೆ ಅಂದರೆ ಇದೇ. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31ನೇ ವಿಧಿ ಮಕ್ಕಳಿಗೆ ವಿಶ್ರಾಂತಿ, ಬಿಡುವು, ಆಟ ಎಲ್ಲವೂ ಹಕ್ಕು ಅನ್ನುತ್ತದೆ. ವಿಶ್ರಾಂತಿಯ ಹೆಸರೇ ಅಲ್ಲಿ ಮೊದಲು ಬರುತ್ತದೆ. ಮಕ್ಕಳಿಗೆ ಅದನ್ನು ಕೊಟ್ಟ ಮನೆಯಲ್ಲಿ ದೊಡ್ಡವರಿಗೂ ಒಂದಿಷ್ಟು ಸಿಗುತ್ತದೆ.

ಸಂಜೆ ಬಯಲಿನಲ್ಲಿ ಕತ್ತಲಾಗುವವರೆಗೂ ಓಡಿದರು. ಆಟದ ಸಾಮಾನು ಏನೂ ತೆಗೆದುಕೊಂಡು ಹೋಗಿರಲಿಲ್ಲ. ಒಂದು ದಿಬ್ಬ ಸಿಕ್ಕಿತು, ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಅಣ್ಣ ಮೇಲೆ ನಿಂತು ಒಬ್ಬೊಬ್ಬರ ಹೆಸರು ಕೂಗಿದರೆ ಅವರು ಕಿರುಚುತ್ತಾ ಓಡಿ ಬರಬೇಕು. ಚಿಕ್ಕವನ ಹೆಸರು ಕೂಗಿದಾಗ ನಾಲ್ವರೂ ಓಡುತ್ತಿದ್ದರು.

ರಾತ್ರಿ ಊಟಕ್ಕೆ ಕೂತಾಗ ಮರುದಿನದ ಮಾತು ಬಂತು. ಬಂಧುಗಳೊಬ್ಬರು ಮಧ್ಯಾಹ್ನವೇ ಎಲ್ಲರೂ ಬನ್ನಿ ಅಂದಿದ್ದರು. ನಾನು ಏನಾದರೂ ಹೇಳುವ ಮೊದಲೇ ಅತ್ತಿಗೆ ಫೋನ್ ತೆಗೆದುಕೊಂಡರು. "ಮಕ್ಕಳು ಮಲಗಿ ಎದ್ದಮೇಲೆ ಹೊರಡ್ತೀವಿ, ನಾಲ್ಕೂವರೆ ಆಗುತ್ತೆ. ಬೇಜಾರಿಲ್ಲ ತಾನೆ?" ಆ ಕಡೆಯಿಂದ ಬಂದ ಉತ್ತರ ಉದ್ದವಾಗಿಯೇ ಇತ್ತು. ಕೇಳುತ್ತಾ ಕೇಳುತ್ತಾ ಅತ್ತಿಗೆಯ ಮುಖ ಅರಳಿತು. ಫೋನಿಟ್ಟು ಹೇಳಿದರು, "ಅವರ ಮೊಮ್ಮಗಳೂ ಆ ಹೊತ್ತಿಗೆ ಮಲಗ್ತಾಳಂತೆ. ಹೇಗೆ ಹೇಳೋದು ಅಂತ ಅವರೇ ಯೋಚನೆ ಮಾಡ್ತಾ ಕೂತಿದ್ರಂತೆ."