ಮೂವತ್ತರ ಬಳೆಗೆ ಇಪ್ಪತ್ತಾರೂವರೆಯ ಮಂಡಲ

1ನೇ ದಿನ

ಗೋಡೆಗೆ ತೂಗುಹಾಕುವಂಥ ಕ್ರೋಶೆ ಮಂಡಲವೊಂದನ್ನು ಹೆಣೆಯಬೇಕೆಂಬ ಆಸೆ ಬಹಳ ದಿನಗಳಿಂದ ಇತ್ತು. ಇದುವರೆಗೆ ನಾನು ಹೆಣೆದ ದುಂಡನೆಯ ವಸ್ತುಗಳೆಲ್ಲ ಮೇಜಿನ ಮೇಲೆ ಮಲಗಿರುವಂಥವು. ಅವುಗಳ ಅಂಚು ಅಲ್ಲಲ್ಲಿ ಎದ್ದು ನಿಂತರೂ ಮೇಲಿಟ್ಟ ಹೂದಾನಿಯ ಭಾರವೇ ಅದನ್ನು ಒತ್ತಿ ಸರಿಮಾಡಿಬಿಡುತ್ತಿತ್ತು. ಗೋಡೆಯ ಮೇಲೆ ಆ ಅನುಕೂಲವಿಲ್ಲ. ಹೂಪ್ ಎಂದು ಕರೆಯುವ ಲೋಹದ ಬಳೆಯೊಳಗೆ ಹೆಣಿಗೆಯನ್ನು ನಾಲ್ಕೂ ಕಡೆಯಿಂದ ಎಳೆದು ಹಿಡಿಯಬೇಕು, ಆ ಎಳೆತವೇ ಅದನ್ನು ಚಪ್ಪಟೆಯಾಗಿ ಇಡಬೇಕು.

ಬಳೆಯ ಹೊರವ್ಯಾಸ 30 ಸೆಂಟಿಮೀಟರ್, ತಂತಿಯ ದಪ್ಪ 3 ಮಿಲಿಮೀಟರ್. ತೆಗೆದುಕೊಳ್ಳುವಾಗ ಬೆಸುಗೆ ಹಾಕಿದ ಜಾಗವನ್ನು ಬೆರಳಿನಿಂದ ಸವರಿ ನೋಡಿದೆ. ಅಲ್ಲಿ ಚೂಪಾದ ಮುಳ್ಳೊಂದು ಉಳಿದಿದ್ದರೆ ಮುಂದೆ ನೂಲನ್ನು ಅದೇ ಕತ್ತರಿಸುತ್ತದೆ. ನೂಲು ಮರ್ಸರೈಸ್ ಮಾಡಿದ ಹತ್ತಿಯದು, ಕೆನೆ, ಸಾಸಿವೆ ಹಳದಿ, ನವಿಲುನೀಲಿ ಮತ್ತು ಕಡುಗೆಂಪು ಎಂಬ ನಾಲ್ಕು ಬಣ್ಣಗಳಲ್ಲಿ. ಉಣ್ಣೆಯೋ ಅಕ್ರಿಲಿಕ್ಕೋ ಆಗಿದ್ದರೆ ರಬ್ಬರಿನಂತೆ ಹಿಗ್ಗುತ್ತಿತ್ತು. ಹತ್ತಿ ಅಷ್ಟಾಗಿ ಹಿಗ್ಗುವುದಿಲ್ಲ, ಹೊಲಿಗೆಯ ಗೆರೆಗಳೂ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತವೆ. ಈ ಹೊಳಪಿನ ಹಿಂದೆಯೂ ಎಳೆತದ್ದೇ ಕಥೆಯಿದೆ. ಕಾಸ್ಟಿಕ್ ಸೋಡಾದಲ್ಲಿ ಅದ್ದಿದ ಹತ್ತಿ ಉಬ್ಬಿ ಗಟ್ಟಿಯಾಗುವುದನ್ನು ಇಂಗ್ಲೆಂಡಿನ ಜಾನ್ ಮರ್ಸರ್ 1844ರಲ್ಲಿ ಕಂಡುಕೊಂಡು 1850ರಲ್ಲಿ ಪೇಟೆಂಟ್ ಪಡೆದಿದ್ದರೂ, ಹಾಗೆ ಅದ್ದಿದ ಬಟ್ಟೆ ಕುಗ್ಗುತ್ತಿದ್ದುದರಿಂದ ಆ ವಿಧಾನ ಹೆಚ್ಚು ಬಳಕೆಗೆ ಬರಲಿಲ್ಲ. 1890ರಲ್ಲಿ ಹೊರೇಸ್ ಲೋ ಅದನ್ನು ಎಳೆದು ಹಿಡಿದುಕೊಂಡೇ ಸೋಡಾದಲ್ಲಿ ಅದ್ದಿದಾಗ ಕುಗ್ಗುವುದು ನಿಂತಿತು, ರೇಷ್ಮೆಯಂಥ ಹೊಳಪೂ ಬಂತು.

ಕಡುಗೆಂಪಿನ ಬಗ್ಗೆ ಅನುಮಾನವಿದ್ದುದರಿಂದ ಅದರ ಎಳೆಯೊಂದನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಒತ್ತಿದೆ. ಗುಲಾಬಿ ಕಲೆ ಉಳಿಯಿತು. ಇಂಥ ಹೊತ್ತಿನಲ್ಲಿ ವಿನಿಗರ್ ಹಾಕಿದರೆ ಬಣ್ಣ ಕೂರುತ್ತದೆ ಎಂದು ಹೇಳುವವರು ಬಹಳ. ಆದರೆ ಆಮ್ಲ ಬೇಕಾಗುವುದು ಉಣ್ಣೆ ಮತ್ತು ರೇಷ್ಮೆಗೆ ಹಾಕುವ ಬಣ್ಣಗಳಿಗೆ, ಹತ್ತಿಯ ಬಣ್ಣಕ್ಕೆ ಅದರಿಂದ ಉಪಯೋಗವಿಲ್ಲ. ಹೆಚ್ಚಿನ ಬಣ್ಣವನ್ನು ತೊಳೆದು ಹೊರಹಾಕುವುದೊಂದೇ ದಾರಿ. ಉಂಡೆಯನ್ನು ಬಿಚ್ಚಿ ಲಡಿಯಾಗಿ ಸುತ್ತಿ, ನಾಲ್ಕು ಕಡೆ ಸಡಿಲವಾಗಿ ಕಟ್ಟಿ, ನೀರು ತಿಳಿಯಾಗುವವರೆಗೆ ಐದು ಸಲ ತೊಳೆದು ಒಣಗಹಾಕಿದ್ದೇನೆ. ಇವತ್ತಿನ ಕೆಲಸ ಇಷ್ಟೇ.

2ನೇ ದಿನ

ತುದಿಯಲ್ಲಿ ಕೊಕ್ಕೆಯಿರುವ ಕ್ರೋಶೆ ಕಡ್ಡಿ 3 ಮಿಲಿಮೀಟರಿನದು. ಮುಂದೆ ಓದುವವರಿಗೆ ಗೊಂದಲವಾಗದಿರಲೆಂದು ಒಂದು ಮಾತು: ಕಡ್ಡಿಗೆ ಒಮ್ಮೆ ನೂಲು ಸುತ್ತಿ, ಹೊಲಿಗೆಯೊಳಗೆ ತೂರಿಸಿ ಎಳೆದು, ಎರಡೆರಡು ಕುಣಿಕೆಗಳನ್ನು ಎರಡು ಸಲ ಬಿಡಿಸುವ ಹೊಲಿಗೆಯನ್ನು ಅಮೆರಿಕದ ಪುಸ್ತಕಗಳು ಡಬಲ್ ಕ್ರೋಶೆ ಎನ್ನುತ್ತವೆ, ಬ್ರಿಟನ್ನಿನ ಪುಸ್ತಕಗಳು ಅದನ್ನೇ ಟ್ರೆಬಲ್ ಎನ್ನುತ್ತವೆ. ಒಂದೇ ಹೆಸರು ಎರಡು ಕಡೆ ಎರಡು ಹೊಲಿಗೆಗಳನ್ನು ಸೂಚಿಸುವುದರಿಂದ ಎಷ್ಟು ಹೆಣಿಗೆಗಳು ಹಾಳಾಗಿವೆಯೋ! ನಾನಿಲ್ಲಿ ಅದನ್ನು ಸುಮ್ಮನೆ ಕಂಬ ಎಂದು ಕರೆಯುತ್ತೇನೆ. ಅದಕ್ಕಿಂತ ಗಿಡ್ಡದಾದುದನ್ನು ಅಮೆರಿಕದ ರೂಢಿಯಂತೆ ಸಿಂಗಲ್ ಎನ್ನುತ್ತೇನೆ.

ಮ್ಯಾಜಿಕ್ ರಿಂಗ್, ಅಂದರೆ ಎಳೆದು ಬಿಗಿಮಾಡಬಹುದಾದ ನೂಲಿನ ಕುಣಿಕೆಯೊಂದನ್ನು ಹಾಕಿ ಅದರೊಳಗೆ 12 ಕಂಬಗಳನ್ನು ಹೆಣೆದೆ. ನಂತರ ಪ್ರತಿ ಸುತ್ತಿಗೂ 12ರಂತೆ ಏರಿಸುತ್ತ 24, 36, 48, 60, 72 ಎಂದು ಆರು ಸುತ್ತು ಮುಗಿಸಿದೆ. ಹನ್ನೆರಡೇ ಏಕೆ ಎಂಬುದಕ್ಕೆ ಉತ್ತರ ಶಾಲೆಯ ಗಣಿತದಲ್ಲಿದೆ. ಒಂದು ಸುತ್ತು ಸೇರಿದಾಗ ತ್ರಿಜ್ಯವು ಒಂದು ಕಂಬದ ಎತ್ತರದಷ್ಟು ಹೆಚ್ಚುತ್ತದೆ, ಪರಿಧಿಯು ಅದರ ಸುಮಾರು 6.28 ಪಟ್ಟು ಹೆಚ್ಚುತ್ತದೆ. ನನ್ನ ಕೈಯಲ್ಲಿ ಕಂಬದ ಎತ್ತರ ಸುಮಾರು 9 ಮಿಲಿಮೀಟರ್, ಅಗಲ ನಾಲ್ಕೂವರೆ, ಅಂದರೆ ಎತ್ತರವು ಅಗಲದ ಎರಡರಷ್ಟು. ಆದ್ದರಿಂದ ಹೆಚ್ಚಿದ ಪರಿಧಿಯನ್ನು ತುಂಬಲು ಹನ್ನೆರಡೂವರೆ ಕಂಬಗಳು ಬೇಕು. ಅರ್ಧ ಕಂಬ ಹೆಣೆಯಲಾಗದು, ಹನ್ನೆರಡಕ್ಕೆ ತೃಪ್ತಿಪಡಬೇಕು. ಎತ್ತರ ಮತ್ತು ಅಗಲ ಸಮನಾಗಿರುವ ಸಿಂಗಲ್‌ಗೆ ಅದೇ ಲೆಕ್ಕ ಆರಕ್ಕೆ ಇಳಿಯುತ್ತದೆ. ಏರಿಸಿದ್ದು ಕಡಿಮೆಯಾದರೆ ಹೆಣಿಗೆ ಬಟ್ಟಲಿನಂತೆ ಮಡಚಿಕೊಳ್ಳುತ್ತದೆ, ಹೆಚ್ಚಾದರೆ ಅಂಚು ನೆರಿಗೆಗಟ್ಟುತ್ತದೆ.

ಏರಿಸುವ ಜಾಗವನ್ನು ಪ್ರತಿ ಸುತ್ತಿನಲ್ಲಿಯೂ ಒಂದರ ಮೇಲೊಂದು ಇಟ್ಟರೆ ವೃತ್ತಕ್ಕೆ ಮೂಲೆಗಳು ಮೂಡುತ್ತವೆ. ಸುತ್ತಿನಿಂದ ಸುತ್ತಿಗೆ ಒಂದೆರಡು ಕಂಬ ಆಚೀಚೆ ಸರಿಸಿದ್ದರಿಂದ ಅಂಚು ದುಂಡಗೆ ಬಂದಿದೆ. ವ್ಯಾಸ 11 ಸೆಂಟಿಮೀಟರ್.

4ನೇ ದಿನ

ಏಳನೆಯ ಸುತ್ತು ದಳಗಳದು. ಎಪ್ಪತ್ತೆರಡನ್ನು ಹನ್ನೆರಡರಿಂದ ಭಾಗಿಸಿ ಆರಾರು ಹೊಲಿಗೆಗೊಂದು ದಳ: ಒಂದು ಸಿಂಗಲ್, ಎರಡು ಬಿಟ್ಟು ಮುಂದಿನದರಲ್ಲಿ ಕಂಬಗಳ ಗುಚ್ಛ, ಮತ್ತೆ ಎರಡು ಬಿಟ್ಟು ಸಿಂಗಲ್. ದಳ ತುಂಬಿಕೊಂಡು ಕಾಣಲೆಂದು ಒಂದೊಂದು ಗುಚ್ಛಕ್ಕೆ ಒಂಬತ್ತು ಕಂಬ ಹಾಕಿದೆ. ನಾಲ್ಕು ದಳ ಮುಗಿಯುವಷ್ಟರಲ್ಲಿ ಅಂಚು ಏಳತೊಡಗಿತ್ತು. ಎಳೆದರೆ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡು ಹನ್ನೆರಡನ್ನೂ ಮುಗಿಸಿದೆ. ಕೈಯಲ್ಲಿ ಉಳಿದದ್ದು ಹೂಕೋಸಿನಂಥ ಮುದ್ದೆ.

ಹೀಗೆ ಬೇಕೆಂದೇ ಹೆಚ್ಚು ಹೆಣೆದು ಗಣಿತ ಕಲಿಸಿದವರಿದ್ದಾರೆ. ಕಾರ್ನೆಲ್ ವಿಶ್ವವಿದ್ಯಾಲಯದ ಗಣಿತಜ್ಞೆ ಡೈನಾ ಟೈಮಿನಾ 1997ರಲ್ಲಿ, ಸಾಲಿನಿಂದ ಸಾಲಿಗೆ ಒಂದೇ ಅನುಪಾತದಲ್ಲಿ ಹೊಲಿಗೆಗಳನ್ನು ಏರಿಸುತ್ತ ಹೋಗಿ, ಹೈಪರ್ಬೋಲಿಕ್ ಸಮತಲದ, ಅಂದರೆ ಎಲ್ಲೆಡೆಯೂ ಜೀನಿನಂತೆ ಬಾಗಿರುವ ಮೇಲ್ಮೈಯ, ಗಟ್ಟಿಮುಟ್ಟಾದ ಮಾದರಿಗಳನ್ನು ಕ್ರೋಶೆಯಲ್ಲಿ ಹೆಣೆದರು. ಅದಕ್ಕೂ ಮುನ್ನ ಅಂಥ ಮಾದರಿಗಳನ್ನು ಕಾಗದ ಅಂಟಿಸಿ ಮಾಡುತ್ತಿದ್ದರು, ಅವು ಬೇಗ ಹರಿದುಹೋಗುತ್ತಿದ್ದವು. ನನಗೆ ಬೇಕಾದದ್ದು ಮಾತ್ರ ಸಾಧಾರಣ ಸಮತಲ. ಬಿಚ್ಚಿ, ಗುಚ್ಛಕ್ಕೆ ಏಳು ಕಂಬದಂತೆ ಮತ್ತೆ ಹೆಣೆದೆ. ಈಗ ಮೇಜಿನ ಮೇಲೆ ತಟ್ಟೆಯಂತೆ ಕೂರುತ್ತದೆ, ದಳಗಳೂ ಬಡಕಲಾಗಿಲ್ಲ.

ಬಣ್ಣ ಬದಲಿಸುವ ರೀತಿಯನ್ನು ಇಲ್ಲಿಂದ ಬದಲಾಯಿಸಿದ್ದೇನೆ. ಸುತ್ತಿನ ಆರಂಭದಲ್ಲಿ ಮೂರು ಚೈನ್, ಅಂದರೆ ಸರಪಳಿಯಂತೆ ಒಂದರೊಳಗೊಂದು ಎಳೆದ ಕುಣಿಕೆಗಳನ್ನು ಹಾಕಿ ಅದನ್ನೇ ಮೊದಲ ಕಂಬವೆಂದು ಎಣಿಸುವುದು ರೂಢಿ. ಆದರೆ ಆ ಚೈನ್ ಕಂಬಕ್ಕಿಂತ ತೆಳ್ಳಗಿದ್ದು, ಪಕ್ಕದಲ್ಲೊಂದು ಸಂದು ಉಳಿಯುತ್ತದೆ. ಮೇಜಿನ ಮೇಲೆ ಅದು ಯಾರಿಗೂ ಕಾಣುವುದಿಲ್ಲ, ಗೋಡೆಯ ಮೇಲೆ ಎಳೆದು ಕಟ್ಟಿದಾಗ ಮಾತ್ರ ಹಲ್ಲು ಉದುರಿದ ಜಾಗದಂತೆ ಎದ್ದು ಕಾಣುತ್ತದೆ. ಅದರ ಬದಲು ಹೊಸ ನೂಲಿಗೆ ಗಂಟಿನ ಕುಣಿಕೆ ಹಾಕಿ ಕಡ್ಡಿಗೆ ಏರಿಸಿ, ಆ ಕುಣಿಕೆಯನ್ನು ತೋರುಬೆರಳಿನಿಂದ ಒತ್ತಿ ಹಿಡಿದು, ಕಡ್ಡಿಗೆ ಒಂದು ಸುತ್ತು ನೂಲು ಸುತ್ತಿ ನೇರವಾಗಿ ನಿಜವಾದ ಕಂಬವನ್ನೇ ಹೆಣೆಯುತ್ತೇನೆ. ಸುತ್ತಿನ ಕೊನೆಯಲ್ಲಿ ಸುತ್ತನ್ನು ಮುಚ್ಚುವ ಗಿಡ್ಡ ಹೊಲಿಗೆಯಾದ ಸ್ಲಿಪ್ ಸ್ಟಿಚ್ ಹಾಕದೆ ನೂಲನ್ನು ಕತ್ತರಿಸಿ, ಮೊಂಡು ಸೂಜಿಗೆ ಪೋಣಿಸಿ, ಮೊದಲ ಹೊಲಿಗೆಯ ತಲೆಯಡಿ ಹಾಯಿಸಿ ಕೊನೆಯ ಹೊಲಿಗೆಯ ಒಳಗೇ ಇಳಿಸಿದರೆ, ಸುತ್ತು ಎಲ್ಲಿ ಶುರುವಾಯಿತೆಂದು ಹೆಣೆದವರಿಗೂ ಹುಡುಕಬೇಕಾಗುತ್ತದೆ. ಬಾಲಗಳ ಸಂಖ್ಯೆ ಹೆಚ್ಚುತ್ತದೆ, ನಿಜ. ಅವನ್ನು ಆಗಾಗಲೇ ಹಿಂಬದಿಯಲ್ಲಿ ಒಂದು ದಿಕ್ಕಿಗೆ ಹಾಯಿಸಿ, ಒಂದು ಎಳೆ ಬಿಟ್ಟು ಮತ್ತೆ ಹಿಂದಕ್ಕೆ ಹಾಯಿಸಿ ಕತ್ತರಿಸುತ್ತಿದ್ದೇನೆ. ಕೊನೆಗೆ ಮಾಡಿದರಾಯಿತೆಂದು ಬಿಟ್ಟ ಕೆಲಸ ಕೊನೆಗೂ ಆಗುವುದಿಲ್ಲ.

7ನೇ ದಿನ

ಎಂಟರಿಂದ ಹದಿನಾಲ್ಕನೆಯ ಸುತ್ತಿನವರೆಗೆ ಹೇಳುವಂಥದ್ದು ಹೆಚ್ಚೇನಿಲ್ಲ. ದಳಗಳ ತುದಿಯಿಂದ ತುದಿಗೆ ಏಳು ಚೈನಿನ ಕಮಾನು, ಅದರ ಮೇಲೆ 96 ಕಂಬ, ಆಮೇಲೆ 48 ಕಿಟಕಿಗಳ ಜಾಲರಿ, ಮಧ್ಯೆ ಸಾಸಿವೆ ಬಣ್ಣದಲ್ಲಿ ಉಬ್ಬು ಹೊಲಿಗೆಯ ಒಂದು ಸುತ್ತು. ಕೊನೆಯಲ್ಲಿ ಬಳೆಗೆ ಸಿಕ್ಕಿಸಲು 48 ಕಮಾನುಗಳು.

ಅಳೆದಾಗ ವ್ಯಾಸ 29.5 ಸೆಂಟಿಮೀಟರ್ ಬಂತು. ಬಳೆಯನ್ನು ಅದರ ಮೇಲಿಟ್ಟು ನೋಡಿ, ಎಷ್ಟು ಸರಿಯಾಗಿ ಕೂತಿದೆ ಎಂದು ಹಿಗ್ಗಿದೆ.

8ನೇ ದಿನ

ಹಿಗ್ಗಿದ್ದು ನಾನು ಮಾತ್ರವಲ್ಲ. ಹನ್ನೆರಡು ಕಮಾನುಗಳನ್ನು, ಅಂದರೆ ಕಾಲುಭಾಗವನ್ನು ಬಳೆಗೆ ಹೆಣೆದು ಎತ್ತಿ ಹಿಡಿದಾಗ ಮಂಡಲವು ಒಗೆದು ಹಾಕಿದ ಬಟ್ಟೆಯಂತೆ ಜೋತುಬಿತ್ತು. ಕಮಾನುಗಳು ಬಾಗಿದ ಹುಬ್ಬಿನಂತೆ ಕೆಳಕ್ಕೆ ಇಳಿದಿದ್ದವು, ನಡುವಿನ ಹೂವು ಒಂದು ಬೆರಳಗಲ ಮುಂದಕ್ಕೆ ಉಬ್ಬಿತ್ತು.

ತಪ್ಪು ಎಲ್ಲಿದೆಯೆಂದು ಕೂತು ಲೆಕ್ಕ ಹಾಕಿದೆ. ಬಳೆಯ ಹೊರವ್ಯಾಸ 30 ಆದರೂ ತಂತಿಯ ದಪ್ಪ ಎರಡೂ ಕಡೆ ಸೇರಿ 6 ಮಿಲಿಮೀಟರನ್ನು ತಿನ್ನುತ್ತದೆ, ಅದರ ಒಳಬದಿಯಲ್ಲಿ ಕೂರುವ ನೂಲಿನ ಪದರ ಇನ್ನಷ್ಟನ್ನು ತಿನ್ನುತ್ತದೆ. ನಿಜವಾಗಿ ಸಿಗುವ ಜಾಗ ಸುಮಾರು 29. ಅಂದರೆ ನನ್ನ ಹೆಣಿಗೆ ಬಳೆಗಿಂತ ದೊಡ್ಡದು. ಹೋಗಲಿ, ಸರಿಯಾಗಿ 29 ಇದ್ದರೂ ಸಾಲದು. ಜಾಲರಿಯ ಹೆಣಿಗೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ, ಎಳೆತಕ್ಕೆ ಮೊದಲು ಹಿಗ್ಗುವುದು ಚೈನುಗಳೇ. ಆದ್ದರಿಂದ ಮಂಡಲವು ಬಳೆಗಿಂತ ಖಚಿತವಾಗಿ ಚಿಕ್ಕದಿರಬೇಕು, ಹತ್ತರಲ್ಲಿ ಒಂದು ಪಾಲಿನಷ್ಟು. ಕೊನೆಯ ಮೂರು ಸುತ್ತುಗಳನ್ನು ಬಿಚ್ಚಿ, ಅವುಗಳ ಜಾಗದಲ್ಲಿ ನಾಲ್ಕು ಚೈನಿನ 48 ಕಮಾನುಗಳ ಒಂದೇ ಸುತ್ತನ್ನು ಹಾಕಿದೆ. ಕಡುಗೆಂಪಿನ ಒಂದು ಇಡೀ ಸುತ್ತು ಹೋದದ್ದಕ್ಕೆ ಬೇಸರವಾಯಿತು. ಅದು ಚೆನ್ನಾಗಿ ಬಂದಿತ್ತು. ಈಗಿನ ವ್ಯಾಸ 26.5.

9ನೇ ದಿನ

ಮಂಡಲವನ್ನು ತಣ್ಣೀರಿನಲ್ಲಿ ನೆನೆಸಿ, ಟವೆಲಿನಲ್ಲಿ ಸುತ್ತಿ ಹಿಂಡದೆ ಒತ್ತಿ, ಫೋಮ್ ಹಾಳೆಯ ಮೇಲೆ ತುಕ್ಕು ಹಿಡಿಯದ ಗುಂಡುಪಿನ್ನುಗಳಿಂದ ಚುಚ್ಚಿ ಒಣಗಿಸಿದೆ. ಇಲ್ಲಿ ಎಳೆಯಲಿಲ್ಲ, ದಳಗಳು ಸಮನಾಗಿ ಕೂರುವಷ್ಟು ಮಾತ್ರ. ಬಣ್ಣ ಬಿಡಲಿಲ್ಲ.

10ನೇ ದಿನ

ಬಳೆಗೆ ಹೆಣೆಯುವ ಕೆಲಸಕ್ಕೆ ಮೊದಲು ಬಳೆಯನ್ನು ಭಾಗ ಮಾಡಿಕೊಂಡೆ. ಪರಿಧಿ ಸುಮಾರು 94.2 ಸೆಂಟಿಮೀಟರ್, 7.85ಕ್ಕೊಂದರಂತೆ ಬಿಳಿ ದಾರದ ಹನ್ನೆರಡು ಗಂಟುಗಳನ್ನು ಬಿಗಿದೆ. ಪ್ರತಿ ನಾಲ್ಕನೆಯ ಕಮಾನನ್ನು ಒಂದೊಂದು ಗಂಟಿಗೆ ತಾತ್ಕಾಲಿಕವಾಗಿ ಕಟ್ಟಿದೆ, ಆದರೆ ಸಾಲಾಗಿ ಅಲ್ಲ. ಗಡಿಯಾರದ ಹನ್ನೆರಡರ ಜಾಗ ಮೊದಲು, ನಂತರ ಆರು, ಆಮೇಲೆ ಮೂರು, ಒಂಬತ್ತು, ಹೀಗೆ ಎದುರುಬದುರಾಗಿ ಕಟ್ಟಿದರೆ ನಡುಭಾಗ ನಡುವಿನಲ್ಲೇ ಉಳಿಯುತ್ತದೆ. ಹನ್ನೆರಡನೆಯ ಗಂಟು ಬಿದ್ದಾಗ ಬೆರಳಿನಿಂದ ಮೀಟಿದರೆ ಹೆಣಿಗೆ ಸಣ್ಣಗೆ ಅದುರಿತು.

ಹೆಣೆಯುವ ಕ್ರಮ ಹೀಗಿದೆ. ನೂಲು ಬಳೆಯ ಹಿಂದೆ ಇರಬೇಕು. ಕಡ್ಡಿಯನ್ನು ಕಮಾನಿನೊಳಗೆ ತೂರಿಸಿ, ಬಳೆಯ ಅಡಿಯಿಂದ ಹಿಂದಕ್ಕೆ ಚಾಚಿ ನೂಲನ್ನು ಹಿಡಿದು ಮುಂದಕ್ಕೆ ಎಳೆದು, ಬಳೆಯ ಹೊರ ಅಂಚಿನ ಎತ್ತರಕ್ಕೆ ತಂದು, ಈಗ ಬಳೆಯ ಮೇಲಿನಿಂದ ಇನ್ನೊಮ್ಮೆ ನೂಲು ಹಿಡಿದು ಎರಡೂ ಕುಣಿಕೆಗಳಿಂದ ಹೊರತೆಗೆಯಬೇಕು. ಬಳೆ ಸಿಂಗಲ್‌ನ ಹೊಟ್ಟೆಯೊಳಗೆ ಸಿಕ್ಕಿಕೊಳ್ಳುತ್ತದೆ. ಒಂದು ಕಮಾನಿಗೆ ಐದರಂತೆ 240 ಸಿಂಗಲ್‌ಗಳು ಬಳೆಯನ್ನು ಪೂರ್ತಿ ಮುಚ್ಚುತ್ತವೆ, ಲೋಹ ಎಲ್ಲಿಯೂ ಇಣುಕುವುದಿಲ್ಲ. ಮಧ್ಯದಲ್ಲಿ ನೂಲು ಮುಗಿದು ಗಂಟು ಹಾಕಬೇಕಾಗಬಾರದೆಂದು ಮೊದಲ ಇಪ್ಪತ್ತನ್ನು ಹೆಣೆದು ಬಿಚ್ಚಿ ಅಳೆದಿದ್ದೆ: 70 ಸೆಂಟಿಮೀಟರ್. ಹಾಗಾದರೆ 240ಕ್ಕೆ ಎಂಟೂವರೆ ಮೀಟರ್ ಬೇಕು. ಕೆನೆ ಬಣ್ಣದ ಉಂಡೆಯಲ್ಲಿ ಅಷ್ಟು ಧಾರಾಳವಾಗಿತ್ತು. ಜಡೆಯಂತೆ ಕಾಣುವ ಹೊಲಿಗೆಯ ತಲೆಗಳು ಬಳೆಯ ಸುತ್ತ ತಿರುಚಿಕೊಂಡು ಮುಂಬದಿಗೆ ಬರಲು ನೋಡುತ್ತವೆ, ಹತ್ತು ಹೊಲಿಗೆಗೊಮ್ಮೆ ಹೆಬ್ಬೆರಳಿನಿಂದ ಅವನ್ನು ಹೊರ ಅಂಚಿಗೆ ತಳ್ಳುತ್ತಿದ್ದೆ. ಒಂದೇ ಕೂತಲ್ಲಿ ಮುಗಿಸುವ ಹಟ ಬೇಡವಿತ್ತು. ಮಣಿಕಟ್ಟು ಈಗಲೂ ನೋಯುತ್ತಿದೆ.

11ನೇ ದಿನ

ಬೆಳಿಗ್ಗೆ ಮೇಜಿನ ಮೇಲಿಟ್ಟು ನೋಡಿದಾಗ ಬಳೆಯ ಎದುರುಬದುರು ಅಂಚುಗಳೆರಡು ಐದು ಮಿಲಿಮೀಟರ್ ಮೇಲೆದ್ದಿದ್ದವು, ಕುದುರೆಯ ಜೀನಿನ ಹಾಗೆ. ತೆಳು ತಂತಿಯ ಬಳೆಗೆ ಎಳೆತ ಒಂದೇ ಸಮನಾಗಿಲ್ಲದಿದ್ದರೆ ಅದು ಹೀಗೆ ತಿರುಚಿಕೊಳ್ಳುತ್ತದೆ. ಎಣಿಸಿದಾಗ ಒಂದು ಭಾಗದಲ್ಲಿ 20ರ ಬದಲು 22, ಅದರ ಪಕ್ಕದಲ್ಲಿ 18 ಹೊಲಿಗೆಗಳು ಸಿಕ್ಕವು; ಒಟ್ಟು ಮೊತ್ತ ಸರಿಯಿದ್ದುದರಿಂದ ರಾತ್ರಿ ಎಣಿಸಿದಾಗ ಗೊತ್ತಾಗಿರಲಿಲ್ಲ. ಆ ಎರಡು ಭಾಗಗಳು ಕೊನೆಯಲ್ಲಿ ಹೆಣೆದವಾದ್ದರಿಂದ ಅವನ್ನಷ್ಟೇ ಬಿಚ್ಚಿ ಮತ್ತೆ ಹಾಕಿದೆ. ಅಂಚು ಎರಡು ಮಿಲಿಮೀಟರಿಗೆ ಇಳಿಯಿತು. ಉಳಿದದ್ದನ್ನು ನೀರು ಚಿಮುಕಿಸಿ, ಮೇಲೆ ಹಲಗೆಯಿಟ್ಟು ದಪ್ಪ ಪುಸ್ತಕಗಳ ಭಾರ ಹೇರಿ ರಾತ್ರಿಯಿಡೀ ಬಿಟ್ಟಿದ್ದೇನೆ. ಒದ್ದೆಯಾದ ಹತ್ತಿ ಒಣಗುವಾಗ ತಾನಿರುವ ಆಕಾರಕ್ಕೆ ಒಗ್ಗಿಕೊಳ್ಳುತ್ತದೆ.

12ನೇ ದಿನ

ಬಳೆ ಚಪ್ಪಟೆಯಾಗಿದೆ. ಕೆಳಗಿನ ಮೂರನೆಯ ಒಂದು ಭಾಗಕ್ಕೆ ಮಾತ್ರ ಕುಚ್ಚು ಕಟ್ಟಿದೆ: 50 ಸೆಂಟಿಮೀಟರಿನ ಎಳೆಗಳನ್ನು ಮಡಚಿ, ಮಡಿಕೆಯನ್ನು ಜಡೆಯೊಳಗೆ ಕಡ್ಡಿಯಿಂದ ಎಳೆದು, ತುದಿಗಳನ್ನು ಆ ಕುಣಿಕೆಯಲ್ಲಿ ಹಾಯಿಸಿ ಬಿಗಿದೆ. ಸುತ್ತಲೂ ಕುಚ್ಚು ಇಟ್ಟರೆ ಮಂಡಲದ ಗೆರೆಗಳ ಮೇಲಿನ ಗಮನ ತಪ್ಪುತ್ತದೆ ಎಂಬುದು ನನ್ನ ಅಭಿಪ್ರಾಯ. ಕುಚ್ಚಿನ ಭಾರಕ್ಕೆ ಇನ್ನೊಂದು ಉಪಯೋಗವೂ ಇದೆ, ಬಳೆ ಮೊಳೆಯ ಮೇಲೆ ಓರೆಯಾಗದೆ ತಾನಾಗಿಯೇ ನೆಟ್ಟಗೆ ನಿಲ್ಲುತ್ತದೆ. ತುದಿ ಕತ್ತರಿಸಿದ್ದು ತೂಗುಹಾಕಿದ ಮೇಲೆಯೇ.

ಬಿಸಿಲು ನೇರವಾಗಿ ಬೀಳದ, ಆದರೆ ಓರೆಯಾಗಿ ಬೆಳಕು ಬರುವ ಗೋಡೆಯಲ್ಲಿ ಅದಿದೆ. ಸಂಜೆ ದೀಪ ಹಚ್ಚಿದಾಗ ಜಾಲರಿಯ 48 ಕಿಟಕಿಗಳ ನೆರಳು ಗೋಡೆಯ ಮೇಲೆ ಮಂಡಲಕ್ಕಿಂತ ಸ್ವಲ್ಪ ದೊಡ್ಡದಾಗಿ ಬೀಳುತ್ತದೆ, ಉಬ್ಬು ಹೊಲಿಗೆಯ ಸುತ್ತು ಮಾತ್ರ ದಟ್ಟವಾದ ಕಪ್ಪು ಉಂಗುರವಾಗುತ್ತದೆ. ಉಳಿದ ನೂಲಿನಲ್ಲಿ 20 ಸೆಂಟಿಮೀಟರಿನ ಬಳೆಯೊಂದನ್ನು ತುಂಬಬಹುದು. ಆ ಬಳೆಯನ್ನು ತಂದಾಗಿದೆ, ಅದಕ್ಕೆ 17.5 ಎಂದು ಬರೆದ ಚೀಟಿಯೊಂದನ್ನು ಈಗಲೇ ಕಟ್ಟಿಟ್ಟಿದ್ದೇನೆ.