ಯಾವ ತಿಂಗಳಿನ ಹಿಟ್ಲರ್?

ತೀರ್ಥಹಳ್ಳಿ ಕಡೆಯ ಹೋಟೆಲ್ಲುಗಳಲ್ಲಿ ಈಗ ಹಿಟ್ಲರನಿಗೆ ಬರವಿಲ್ಲ. ದಿಲ್ಲಿಯಲ್ಲಿರುವವರು ಹಿಟ್ಲರ್, ಬೆಂಗಳೂರಿನಲ್ಲಿರುವವರೂ ಹಿಟ್ಲರ್. ವಾರ್ಷಿಕ ಸಭೆ ಮುಂದೂಡಿದ ಸಹಕಾರ ಸಂಘವೊಂದರ ಅಧ್ಯಕ್ಷರಿಗೂ ನಿನ್ನೆ ಆ ಬಿರುದು ದಕ್ಕಿತು. ಪಾಪ, ಮನೆಯಲ್ಲಿ ಟೀವಿ ರಿಮೋಟು ಕೂಡ ಅವರ ಕೈಗೆ ಸಿಗುವುದಿಲ್ಲ.

ಹೋಲಿಕೆಯೇ ಬೇಡ ಎನ್ನುವವನು ನಾನಲ್ಲ. ಆದರೆ ಯಾವ ತಿಂಗಳಿನ ಹಿಟ್ಲರ್ ಎಂದು ಕೇಳಬೇಕೆನಿಸುತ್ತದೆ. 1933ರ ಜನವರಿ 30ರಂದು ಅವನನ್ನು ಚಾನ್ಸಲರ್, ಅಂದರೆ ಸರ್ಕಾರದ ಮುಖ್ಯಸ್ಥ, ಆಗಿ ನೇಮಿಸಿದವರು ಜರ್ಮನಿಯ ಅಧ್ಯಕ್ಷ ಹಿಂಡೆನ್‌ಬರ್ಗ್. ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ವಾಕ್ ಸ್ವಾತಂತ್ರ್ಯ, ಪತ್ರಿಕಾ ಸ್ವಾತಂತ್ರ್ಯ ಎರಡೂ ಹೋದವು. ಮಾರ್ಚ್ 23ರಂದು, ತನ್ನನ್ನು ಕೇಳದೆ ಕಾನೂನು ಮಾಡುವ ಅಧಿಕಾರವನ್ನು ಸಂಸತ್ತೇ ಅವನ ಸರ್ಕಾರಕ್ಕೆ ಬರೆದುಕೊಟ್ಟಿತು: ಪರವಾಗಿ 444 ಮತ, ವಿರುದ್ಧ 94. ಆ 94 ಮಂದಿಯೂ ಸೋಷಿಯಲ್ ಡೆಮಾಕ್ರಟರು. ಕಮ್ಯುನಿಸ್ಟ್ ಸದಸ್ಯರು ಸೆರೆಯಲ್ಲಿದ್ದರು, ಇಲ್ಲವೇ ತಲೆಮರೆಸಿಕೊಂಡಿದ್ದರು. ಜುಲೈ 14ಕ್ಕೆ ನಾಜಿಗಳದ್ದನ್ನು ಬಿಟ್ಟು ಬೇರೆ ಪಕ್ಷವೇ ಇರಕೂಡದೆಂಬ ಕಾನೂನು ಬಂತು. ಆರು ತಿಂಗಳು ಕೂಡ ಆಗಿರಲಿಲ್ಲ.

ಇದರಲ್ಲಿ ಯಾವ ಹೆಜ್ಜೆ ಇಲ್ಲಿ ಕಾಣಿಸುತ್ತಿದೆ ಎಂದು ಬೆರಳಿಟ್ಟು ತೋರಿಸಿದರೆ ಕುಳಿತು ಕೇಳುತ್ತೇನೆ, ಒಪ್ಪಿದರೂ ಒಪ್ಪಿಯೇನು. ಆ ಶ್ರಮ ಯಾರಿಗೂ ಬೇಡ. ಎದುರಾಳಿಯ ಫೋಟೋಗೆ ತುಂಡು ಮೀಸೆ ಅಂಟಿಸಿ ಫಾರ್ವರ್ಡ್ ಮಾಡಿದರೆ ವಾದ ಗೆದ್ದಂತೆ. ಅಷ್ಟಕ್ಕೂ ಜರ್ಮನಿಯವರೆಗೆ ಹೋಗಬೇಕಾಗಿಯೂ ಇಲ್ಲ. 1975ರ ತುರ್ತು ಪರಿಸ್ಥಿತಿಯನ್ನು, ಪತ್ರಿಕೆಗಳ ಸೆನ್ಸಾರನ್ನು, ವಿಚಾರಣೆಯಿಲ್ಲದ ಬಂಧನಗಳನ್ನು ಕಂಡ ಹಿರಿಯರು ನಮ್ಮ ಶಿವಮೊಗ್ಗದಲ್ಲೇ ಇದ್ದಾರೆ. ಅವರನ್ನು ಕೇಳಲು ಮಾತ್ರ ಯಾರಿಗೂ ಪುರುಸೊತ್ತಿಲ್ಲ.