29 ಇಂಚು

ಭಾನುವಾರ, 16 ಜೂನ್ 2024, ರಾತ್ರಿ 10.40

ಪುಟ್ಟಿ ಮಲಗಿದ್ದಾಳೆ. ಒಂದು ಗಂಟೆಗೆ ಅಲಾರಂ ಇಟ್ಟಿದ್ದೇನೆ. ಅಲ್ಲಿಯವರೆಗೆ ನನಗಂತೂ ನಿದ್ದೆ ಬರುವುದಿಲ್ಲ.

ಸಂಜೆ ನಾಲ್ಕೂಕಾಲು. ಅವಳನ್ನು ಮಂಚದ ಮೇಲೆ ಬಿಟ್ಟು, ಮಡಚಿದ ಬಟ್ಟೆ ಬೀರುವಿಗೆ ಇಡಲು ತಿರುಗಿದೆ ಅಷ್ಟೇ. ಎಂಟು ತಿಂಗಳ ಕೂಸು, ನಿನ್ನೆಯವರೆಗೆ ಹಿಂದಕ್ಕೆ ಮಾತ್ರ ತೆವಳುತ್ತಿದ್ದಳು. ಮುಂದಕ್ಕೆ ಹೋಗೋದು ಇವತ್ತೇ ಕಲಿಯಬೇಕಿತ್ತೇ? ಧಡ್ ಅಂತ ಸದ್ದು, ತಕ್ಷಣ ಚೀರಾಟ. ಅವಳು ಅತ್ತದ್ದಕ್ಕೆ ನನಗೆ ಇಷ್ಟು ಸಮಾಧಾನ ಆದದ್ದು ಹುಟ್ಟಿದ ದಿನ ಬಿಟ್ಟರೆ ಇವತ್ತೇ.

ನೋಡನೋಡುತ್ತಲೇ ಹಣೆಯ ಮೇಲೆ ನಿಂಬೆಹಣ್ಣಿನಷ್ಟು ಬುಗುಟು. ಅತ್ತೆ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಲು ಬಂದರು. ಬೇಡ ಅಂದು, ಬಟ್ಟೆಯಲ್ಲಿ ಐಸ್ ಸುತ್ತಿ ಹಗುರವಾಗಿ ಹಿಡಿದೆ. ಹಾಲು ಕುಡಿದು ಒಂದು ಸಲ ಕಕ್ಕಿದಳು. ಅದಕ್ಕೇ ಆಟೋ ಹತ್ತಿದ್ದು.

ಆಟೋದಲ್ಲಿ ಅತ್ತೆ ಕಿವಿಯಲ್ಲಿ ಅಂದರು: "ಡಾಕ್ಟ್ರು ಕೇಳಿದ್ರೆ ಕೂತಲ್ಲೇ ವಾಲಿದ್ಲು ಅನ್ನು. ಇಲ್ದಿದ್ರೆ ನಿನ್ನ ಬೈತಾರೆ." ನನ್ನ ಮೇಲಿನ ಅಕ್ಕರೆಗೇ ಹೇಳಿದ್ದು. ನನಗೂ ಹಾಗೇ ಹೇಳಿಬಿಡೋಣ ಅನ್ನಿಸಿತ್ತು, ಸುಳ್ಳೇಕೆ.

ಡಾಕ್ಟರಮ್ಮನ ಮೊದಲ ಪ್ರಶ್ನೆಯೇ "ಎಷ್ಟು ಎತ್ತರದಿಂದ?" ಮಂಚದಿಂದ ಅಂದುಬಿಟ್ಟೆ. "ಹಾಸಿಗೆ ಸೇರಿ ಎಷ್ಟಾಗುತ್ತೆ?" ಮನೆಯಲ್ಲಿದ್ದ ಇವರಿಗೆ ಫೋನ್ ಮಾಡಿ ಟೇಪ್ ಹಿಡಿಸಿದೆ. 29 ಇಂಚು. ಎರಡು ವರ್ಷದೊಳಗಿನ ಮಕ್ಕಳು 3 ಅಡಿಗಿಂತ ಮೇಲಿಂದ ಬಿದ್ದರೆ ಲೆಕ್ಕವೇ ಬೇರೆಯಂತೆ. ಅತ್ತೆ ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತರು.

ನಾವು ಹೆದರಿ ಓಡಿಬಂದ ಆ ಬುಗುಟನ್ನು ಡಾಕ್ಟರಮ್ಮ ಸರಿಯಾಗಿ ನೋಡಲೂ ಇಲ್ಲ. ಕೂದಲೊಳಗೆ ಬೆರಳಾಡಿಸಿ ಕಿವಿಯ ಮೇಲೆ, ಹಿಂದೆ, ಹಿಂದಲೆ ಎಲ್ಲ ಸವರಿದರು. ಅಲ್ಲಿ ಮೆತ್ತಗೆ ಊದಿದ್ದರೆ ಒಳಗೆ ಮೂಳೆ ಬಿರುಕು ಬಿಟ್ಟಿರುವ ಭಯ ಹೆಚ್ಚು. ಹಣೆಯ ಬುಗುಟಿಗೆ ಅಷ್ಟು ಭಯವಿಲ್ಲ. ಅಳು ನಿಲ್ಲುವವರೆಗೆ ಕಾದು, ಕೂರಿಸಿಕೊಂಡೇ ನೆತ್ತಿ ಮುಟ್ಟಿದರು. ಅಳುವಾಗ ಅದು ಉಬ್ಬುತ್ತದೆ, ಸುಮ್ಮನಿದ್ದಾಗಲೂ ಉಬ್ಬಿದ್ದರೆ ಮಾತ್ರ ಚಿಂತೆ. "ಎಂದಿನ ಹಾಗೇ ಇದ್ದಾಳಾ? ಅದು ನಿಮಗೇ ಗೊತ್ತಾಗೋದು." ಅಷ್ಟರಲ್ಲಿ ಪುಟ್ಟಿ ಸ್ಟೆತಸ್ಕೋಪ್ ಬಾಯಿಗಿಟ್ಟು ಚೀಪುತ್ತಿದ್ದಳು.

ಸ್ಕ್ಯಾನ್ ಮಾಡಿಬಿಡಿ ಅಂತ ನಾನೇ ಗೋಗರೆದೆ. ಇಷ್ಟು ಎಳೆಯ ತಲೆಗೆ ಸುಮ್ಮಸುಮ್ಮನೆ ಸಿಟಿ ಸ್ಕ್ಯಾನಿನ ವಿಕಿರಣ ಬೇಡ ಅಂದು, ರಾತ್ರಿ ಎಂಟೂವರೆಯವರೆಗೆ ಕಣ್ಣೆದುರೇ ಇಟ್ಟುಕೊಂಡು ಕಳಿಸಿದರು. ಮತ್ತೆ ಮತ್ತೆ ವಾಂತಿ, ಎಬ್ಬಿಸಿದರೂ ಏಳದ ಮಂಪರು, ಫಿಟ್ಸ್, ಎತ್ತಿಕೊಂಡರೂ ನಿಲ್ಲದ ಅಳು, ಕಿವಿ ಮೂಗಿನಿಂದ ರಕ್ತ ಅಥವಾ ತಿಳಿನೀರು, ಒಂದು ಕೈಯೋ ಕಾಲೋ ಆಡಿಸದಿರುವುದು: ಒಂದು ಕಂಡರೂ ಕಾಯಬೇಡಿ, ಗಾಡಿ ಇಲ್ಲದಿದ್ದರೆ 108.

ತಲೆಗೆ ಪೆಟ್ಟಾದ ಮಗುವನ್ನು ಮಲಗಲು ಬಿಡಬಾರದು ಅಂತ ಅತ್ತೆ ದಾರಿಯುದ್ದಕ್ಕೂ ಮುಖಕ್ಕೆ ನೀರು ಚಿಮುಕಿಸುತ್ತಾ ಬಂದಿದ್ದರು. ಪರೀಕ್ಷೆಯಲ್ಲಿ ಎಲ್ಲ ಸರಿಯಿದೆ, ಮಲಗಲಿ, ರಾತ್ರಿ ಒಂದೆರಡು ಸಲ ಎಬ್ಬಿಸಿ ನೋಡಿ ಸಾಕು ಅಂದರು ಡಾಕ್ಟರಮ್ಮ.

ಹಾಸಿಗೆ ಈಗ ನೆಲಕ್ಕಿಳಿದಿದೆ. ಹತ್ತು ಗಂಟೆಗೆ ಎಬ್ಬಿಸಿದೆ. ಸಿಡುಕಿ, ನನ್ನ ಮೂಗು ಚಿವುಟಿ, ಹಾಲು ಕುಡಿದು ಮಲಗಿದಳು. ಬಾಗಿಲ ಸಂದಿಯಿಂದ ಅತ್ತೆ ಮತ್ತೆ ಕೇಳುತ್ತಿದ್ದಾರೆ.

"ಎದ್ದಿದ್ಲಾ?"

"ಎದ್ದಿದ್ಲು ಅತ್ತೆ."

"ಸರಿಯಾಗಿ ಎದ್ಲಾ?"